ಹಿಡಿ ಕಾಳಿನಿಂದ ಮೂಟೆಯ ಲೆಕ್ಕ
ಮಾದರಿ, ಸರಾಸರಿ ಮತ್ತು ಮುನ್ನಂದಾಜು: ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಉಪಯುಕ್ತ ಗಣಿತ

ತೊಗರಿಯ ಮೂಟೆಗೆ ಕೊಳವೆ ಚುಚ್ಚಿ, ಹೊರಬಂದ ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ ನೋಡಿ, ಇಡೀ ಸರಕಿಗೆ ಬೆಲೆ ಕಟ್ಟುವ ವರ್ತಕನು ಸಂಖ್ಯಾಶಾಸ್ತ್ರದ ಹೆಸರನ್ನೂ ಕೇಳಿರಬೇಕಾಗಿಲ್ಲ. ಆದರೆ ಆತನು ನಡೆಸುವುದು ಮಾದರಿ ಪರೀಕ್ಷೆಯನ್ನೇ. ಮಾಧ್ಯಮಿಕ ಶಾಲೆಯ ಗಣಿತ ಪುಸ್ತಕದ ಕೊನೆಯ ಅಧ್ಯಾಯಗಳಲ್ಲಿ ಬರುವ ಸರಾಸರಿ, ಮಧ್ಯಾಂಕ, ಬಹುಲಕಗಳ ಪಾಠವನ್ನು ಮಕ್ಕಳು ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಅದೇ ಪಾಠವು ಮಂಡಿಯಲ್ಲಿ, ಪೊಟ್ಟಣ ಕಟ್ಟುವ ಕೊಠಡಿಯಲ್ಲಿ, ಹಬ್ಬದ ಖರೀದಿಯಲ್ಲಿ ದಿನನಿತ್ಯ ಹಣದ ರೂಪ ತಾಳುತ್ತದೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿ ನೋಡಿದರೆ ಸಾಕೆಂಬುದು ಮನೆಮನೆಯ ಅನುಭವ. ಆದರೆ ಆ ಮಾತು ಪಾತ್ರೆಯ ಅಕ್ಕಿಯೆಲ್ಲವೂ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದಿರುವುದರಿಂದಷ್ಟೇ ಸಲ್ಲುತ್ತದೆ. ಮೂಟೆಯ ಕಥೆ ಬೇರೆ. ಸಾಗಾಣಿಕೆಯಲ್ಲಿ ಅಲುಗಾಡಿ ನುಚ್ಚು, ಧೂಳು ಕೆಳಗಿಳಿದಿರುತ್ತವೆ. ಬಾಯಿಯ ಬಳಿ ಒಳ್ಳೆಯ ಕಾಳು ತುಂಬುವ ಜಾಣತನವೂ ಹೊಸತಲ್ಲ. ಎಂಬತ್ತು ಮೂಟೆಗಳ ಸರಕಿನಲ್ಲಿ ಕೈಗೆ ಸಿಕ್ಕ ಮುಂದಿನ ಮೂರನ್ನು ನೋಡುವುದಕ್ಕಿಂತ, ಚೀಟಿ ಎತ್ತಿ ಆರಿಸಿದ ಎಂಟು ಮೂಟೆಗಳ ಮೇಲು, ನಡು, ತಳಗಳಿಂದ ಕಾಳು ತೆಗೆದು ಬೆರೆಸಿ ನೋಡುವುದು ಹೆಚ್ಚು ನಂಬಿಕೆಗೆ ಅರ್ಹ. ಯಾವ ಮೂಟೆಯೆಂಬುದನ್ನು ಮಾರುವವನೂ ಆರಿಸಬಾರದು, ಕೊಳ್ಳುವವನ ಕಣ್ಣೂ ಆರಿಸಬಾರದು.

ಮಾದರಿಯ ಗಾತ್ರ ದೊಡ್ಡದಾದರೆ ಸಾಕೆಂಬ ಭ್ರಮೆಗೆ ಪ್ರಸಿದ್ಧ ಉತ್ತರ ಅಮೆರಿಕದಲ್ಲಿ 1936ರಲ್ಲಿ ದೊರೆಯಿತು. ‘ಲಿಟರರಿ ಡೈಜೆಸ್ಟ್’ ಪತ್ರಿಕೆಯು ಅಧ್ಯಕ್ಷೀಯ ಚುನಾವಣೆಯ ಮುನ್ನ ಸುಮಾರು ಒಂದು ಕೋಟಿ ಮತಚೀಟಿಗಳನ್ನು ಅಂಚೆಯಲ್ಲಿ ಕಳುಹಿಸಿ, ಮರಳಿಬಂದ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಚೀಟಿಗಳನ್ನು ಎಣಿಸಿ, ಲ್ಯಾಂಡನ್ ಗೆಲ್ಲುವರೆಂದು ಸಾರಿತು. ಗೆದ್ದವರು ರೂಸ್‌ವೆಲ್ಟ್; ಅಂದಿನ 48 ರಾಜ್ಯಗಳ ಪೈಕಿ 46 ಅವರ ಪಾಲಾದವು. ಟೆಲಿಫೋನ್ ಮತ್ತು ಕಾರು ಹೊಂದಿದವರ ಪಟ್ಟಿಗಳಿಂದ ವಿಳಾಸ ಹೆಕ್ಕಿದ್ದರಿಂದ ಉಳ್ಳವರ ದನಿ ಹೆಚ್ಚು ಕೇಳಿತ್ತು. ಉತ್ತರ ಬರೆಯುವ ಉತ್ಸಾಹವೂ ಎಲ್ಲರಲ್ಲಿ ಸಮನಾಗಿರಲಿಲ್ಲ. ಅದಕ್ಕಿಂತ ಬಹಳ ಚಿಕ್ಕ ಮಾದರಿಯನ್ನು ಎಚ್ಚರದಿಂದ ಆರಿಸಿದ ಜಾರ್ಜ್ ಗ್ಯಾಲಪ್ ಸರಿಯಾಗಿ ಊಹಿಸಿದರು. ಅಂಗಡಿಗೆ ಬಂದ ಗಿರಾಕಿಗಳನ್ನಷ್ಟೇ ಕೇಳಿ ‘ನಮ್ಮ ಸರಕು ಎಲ್ಲರಿಗೂ ಮೆಚ್ಚಿಗೆಯಾಗಿದೆ’ ಎಂದು ನಿರ್ಧರಿಸುವ ವರ್ತಕರು ಈ ಪ್ರಸಂಗವನ್ನು ಗಮನಿಸಬೇಕು. ಬಾರದೆ ಹೋದವರ ಅಭಿಪ್ರಾಯ ಅಲ್ಲಿ ದಾಖಲಾಗಿರುವುದಿಲ್ಲ.

ಐದು ರಾಶಿ, ಮೂರು ಬೆಲೆ

ಅಡಿಕೆ ಮಾರುಕಟ್ಟೆಯಿಂದ ಒಂದು ಕಲ್ಪಿತ ಲೆಕ್ಕ. ಒಂದು ದಿನ ಐದು ಲಾಟುಗಳು ಕ್ವಿಂಟಲಿಗೆ 46, 47, 47, 48 ಮತ್ತು 82 ಸಾವಿರ ರೂಪಾಯಿಗಳಿಗೆ ಮಾರಾಟವಾದವೆನ್ನೋಣ. ಕೊನೆಯದು ಮೇಲ್ದರ್ಜೆಯ ‘ಸರಕು’, ಮಿಕ್ಕವು ‘ರಾಶಿ’. ಸರಾಸರಿ 54 ಸಾವಿರ. ಆದರೆ ಆ ಬೆಲೆಗೆ ಒಂದು ಲಾಟೂ ಮಾರಾಟವಾಗಿಲ್ಲ! ಏರಿಕೆಯ ಕ್ರಮದಲ್ಲಿ ನಡುವೆ ನಿಲ್ಲುವ ಮಧ್ಯಾಂಕ 47. ಹೆಚ್ಚು ಬಾರಿ ಬಂದಿರುವ ಬಹುಲಕವೂ 47. ರೈತನಿಗೆ ಅಂದಿನ ಧಾರಣೆ ತಿಳಿಸುವವರು 54 ಎಂದರೆ ಲೆಕ್ಕ ತಪ್ಪಿದಂತಾಗುವುದಿಲ್ಲ, ಆದರೆ ಮಾತು ತಪ್ಪಿದಂತೆಯೇ. ಕೇಂದ್ರ ಸರ್ಕಾರದ ಆಗ್‌ಮಾರ್ಕ್‌ನೆಟ್ ವರದಿಗಳು ಕನಿಷ್ಠ, ಗರಿಷ್ಠ ಧಾರಣೆಗಳ ಜೊತೆ ಬಹುಲಕ ಧಾರಣೆಯನ್ನು ಕೊಡುವುದು ಇದೇ ಕಾರಣದಿಂದ ಸಮಂಜಸ. ಎಲ್ಲಕ್ಕಿಂತ ಮೊದಲು ತಳಿ, ದರ್ಜೆಗಳನ್ನು ಬೇರೆಯಾಗಿ ಲೆಕ್ಕ ಹಾಕುವುದೇ ಲೇಸು.

ಸರಾಸರಿ ಸರಿಯಿದ್ದರೂ ಸಂಕಟ

ಪೊಟ್ಟಣದ ಆಹಾರ ತಯಾರಿಸುವ ಸಣ್ಣ ಘಟಕಗಳಿಗೆ ಈ ವಿಷಯ ಕಾನೂನಿನ ಪ್ರಶ್ನೆಯೂ ಹೌದು. ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009ರ ಅಡಿಯಲ್ಲಿ ಬಂದ 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ, ಅಧಿಕಾರಿಗಳು ತಂಡವೊಂದರಿಂದ ತೆಗೆದ ಮಾದರಿ ಪೊಟ್ಟಣಗಳ ಸರಾಸರಿಯು ನಮೂದಿತ ತೂಕಕ್ಕಿಂತ ಕಡಿಮೆಯಿರಬಾರದು. ಜೊತೆಗೆ ಬಿಡಿ ಪೊಟ್ಟಣದ ಕೊರತೆಗೂ ಮಿತಿಯಿದೆ. 500 ಗ್ರಾಂ ಪೊಟ್ಟಣಕ್ಕೆ ಆ ಮಿತಿ ಶೇ. 3, ಅಂದರೆ 15 ಗ್ರಾಂ.

ಈಗ ರಾಗಿಹಿಟ್ಟು ತುಂಬುವ ಎರಡು ಯಂತ್ರಗಳನ್ನು ಊಹಿಸಿಕೊಳ್ಳೋಣ. ಮೊದಲನೆಯದರ ಹತ್ತು ಪೊಟ್ಟಣಗಳು: 502, 498, 505, 497, 501, 499, 503, 496, 500, 504 ಗ್ರಾಂ. ಎರಡನೆಯದರವು: 515, 488, 510, 486, 512, 490, 509, 484, 513, 498. ಎರಡರ ಮೊತ್ತವೂ 5005, ಸರಾಸರಿ 500.5. ಸರಾಸರಿಯೊಂದನ್ನೇ ಬರೆದಿಡುವ ಮೇಲ್ವಿಚಾರಕನ ಪುಸ್ತಕದಲ್ಲಿ ಎರಡು ಯಂತ್ರಗಳೂ ಅವಳಿ ಮಕ್ಕಳು. ಆದರೆ ಗರಿಷ್ಠ, ಕನಿಷ್ಠಗಳ ಅಂತರವಾದ ವ್ಯಾಪ್ತಿ ಮೊದಲನೆಯದರಲ್ಲಿ 9 ಗ್ರಾಂ, ಎರಡನೆಯದರಲ್ಲಿ 31 ಗ್ರಾಂ. ಎರಡನೆಯದರ 484 ಗ್ರಾಂ ಪೊಟ್ಟಣದಲ್ಲಿ 16 ಗ್ರಾಂ ಕೊರತೆಯಿದ್ದು, ಮಿತಿ ದಾಟಿದೆ.

ತಪಾಸಣೆಗೆ ಅಂಜಿದ ಮಾಲೀಕನು ಸಾಮಾನ್ಯವಾಗಿ ಹಿಡಿಯುವ ಹಾದಿ, ಯಂತ್ರವನ್ನು 510ಕ್ಕೆ ನಿಲ್ಲಿಸಿ ನಿಶ್ಚಿಂತನಾಗುವುದು. ಪೊಟ್ಟಣಕ್ಕೆ 10 ಗ್ರಾಂ ಹೆಚ್ಚಾದರೆ ದಿನಕ್ಕೆ 2,000 ಪೊಟ್ಟಣಗಳಲ್ಲಿ 20 ಕಿಲೋ ಹಿಟ್ಟು ಬಿಟ್ಟಿಯಾಗಿ ಹೋಗುತ್ತದೆ. 300 ಕೆಲಸದ ದಿನಗಳಿಗೆ 6 ಟನ್. ಹೀಗೆ ಸೋರಿದ್ದಕ್ಕೆ ಖರ್ಚಿನ ಖಾತೆಯಲ್ಲಿ ಪ್ರತ್ಯೇಕ ಶೀರ್ಷಿಕೆಯೂ ಇರುವುದಿಲ್ಲ. ಯಂತ್ರದ ಏರಿಳಿತವನ್ನು ತಗ್ಗಿಸಿದರೆ ಗುರಿಯನ್ನು 502ರ ಆಸುಪಾಸಿಗೆ ಇಳಿಸಬಹುದು. ಬೆಳಗಿನ ಮೊದಲ ಹತ್ತು ಪೊಟ್ಟಣಗಳನ್ನು ತೂಗಿ ಸುಮ್ಮನಾಗದೆ, ದಿನವಿಡೀ ಗಂಟೆಗೆ ಎರಡರಂತೆ ತೂಗಿ ಹಾಳೆಯ ಮೇಲೆ ಚುಕ್ಕಿಯಿಡುತ್ತ ಹೋದರೆ, ತೊಟ್ಟಿಯಲ್ಲಿ ಹಿಟ್ಟು ಇಳಿದಾಗಲೋ ಪಾಳಿ ಬದಲಾದಾಗಲೋ ತೂಕ ಜಾರುವುದು ಕಣ್ಣಿಗೆ ಕಾಣುತ್ತದೆ. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಟೆಲಿಫೋನ್ ಉಪಕರಣಗಳ ತಯಾರಿಕೆಗಾಗಿ ರೂಪಿಸಿದ ನಿಯಂತ್ರಣ ನಕ್ಷೆಯ ತಿರುಳು ಇದೇ. ಒಂದು ತಕ್ಕಡಿ, ಒಂದು ಚೌಕುಳಿ ಹಾಳೆ, ಸೀಸದ ಕಡ್ಡಿ ಇದ್ದರೆ ಆರಂಭಿಸಬಹುದು.

ಹತ್ತೇ ಪೊಟ್ಟಣಗಳಿಂದ ಎಷ್ಟನ್ನು ಹೇಳಬಹುದೆಂಬ ಸಂದೇಹವೂ ಉದ್ದಿಮೆಯಲ್ಲೇ ಹುಟ್ಟಿದ್ದು. ಡಬ್ಲಿನ್ನಿನ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಗೆ 1899ರಲ್ಲಿ ಸೇರಿದ ವಿಲಿಯಂ ಗಾಸೆಟ್, ಬಾರ್ಲಿ ಮುಂತಾದವುಗಳ ಪ್ರಯೋಗಗಳಲ್ಲಿ ಕೆಲವೇ ಅಂಕಿಗಳಿಂದ ತೀರ್ಮಾನಿಸಬೇಕಾದ ಕಷ್ಟವನ್ನು ಎದುರಿಸಿ, ಸಣ್ಣ ಮಾದರಿಗಳ ಸಿದ್ಧಾಂತವನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದರು. ಮಾದರಿ ನಾಲ್ಕು ಪಟ್ಟಾದರೆ ಅಂದಾಜಿನ ದೋಷ ಅರ್ಧಕ್ಕೆ ಇಳಿಯುತ್ತದೆ ಎಂಬುದು ನೆನಪಿನಲ್ಲಿಡಬೇಕಾದ ಸೂತ್ರ. ಎರಡು ಪಟ್ಟು ಶ್ರಮಕ್ಕೆ ಎರಡು ಪಟ್ಟು ನಿಖರತೆ ದೊರೆಯುವುದಿಲ್ಲ.

ಭಾರತದಲ್ಲಿ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಸ್ಥಾಪಿಸಿ, ಬಂಗಾಳದ ಸೆಣಬು ಬೆಳೆಯನ್ನು ಮಾದರಿ ಸಮೀಕ್ಷೆಯಿಂದ ಅಳೆದು ತೋರಿಸಿದರು. ಬೆಂಗಳೂರಿನಲ್ಲಿಯೂ ಆ ಸಂಸ್ಥೆಯ ಕೇಂದ್ರವಿದೆ. ಬೇಳೆಕಾಳು ವರ್ತಕರು ಕಾತರದಿಂದ ಕಾಯುವ ಇಳುವರಿಯ ಅಂದಾಜುಗಳೂ, ಚೀಟಿ ಎತ್ತಿದಂತೆ ಆರಿಸಿದ ಹೊಲಗಳ ಸಣ್ಣ ತುಂಡುಗಳಲ್ಲಿ ನಡೆಯುವ ಬೆಳೆ ಕಟಾವು ಪ್ರಯೋಗಗಳನ್ನು ಆಧರಿಸಿವೆ.

ಹಬ್ಬದ ಅಂದಾಜು

ಮುನ್ನಂದಾಜಿನಲ್ಲಿ ನಮ್ಮ ವರ್ತಕರು ಎಡವುವ ಜಾಗ ಸಾಮಾನ್ಯವಾಗಿ ಗಣಿತವಲ್ಲ, ಪಂಚಾಂಗ. 2022ರಲ್ಲಿ ದೀಪಾವಳಿ ಅಕ್ಟೋಬರ್ 24ರಂದು ಬಂದಿತ್ತು. 2023ರಲ್ಲಿ ಅಧಿಕ ಶ್ರಾವಣ ಮಾಸ ಬಂದುದರಿಂದ ಹಬ್ಬವು ನವೆಂಬರ್ 12ಕ್ಕೆ ಸರಿಯಿತು. ಬಟ್ಟೆ ಅಂಗಡಿಯೊಂದು ಈ ಎರಡು ವರ್ಷಗಳ ಅಕ್ಟೋಬರ್ ಮಾರಾಟವನ್ನು ಎದುರುಬದುರು ಇಟ್ಟರೆ ವ್ಯಾಪಾರ ಕುಸಿದಂತೆಯೂ, ನವೆಂಬರನ್ನು ಇಟ್ಟರೆ ಹಾರಿದಂತೆಯೂ ತೋರುತ್ತದೆ. ಎರಡೂ ಸುಳ್ಳು. ಹಬ್ಬಕ್ಕೆ ಮುಂಚಿನ ಆರು ವಾರಗಳನ್ನು ಹಿಂದಿನ ವರ್ಷದ ಅದೇ ಆರು ವಾರಗಳೊಡನೆ ಹೋಲಿಸಬೇಕು. ಅದೂ ಮೂರು ನಾಲ್ಕು ವರ್ಷಗಳ ಅಂಕಿಗಳಿಂದ. ಫಲಿತಾಂಶವನ್ನು ‘900 ಸೀರೆ’ ಎಂದು ಒಂದೇ ಅಂಕಿಯಲ್ಲಿ ಬರೆಯದೆ ‘800ರಿಂದ 1,000’ ಎಂದು ಬರೆದುಕೊಂಡರೆ, ಮೊದಲ 800ಕ್ಕೆ ಮುಂಗಡ ಕೊಟ್ಟು, ಮಿಕ್ಕದ್ದನ್ನು ಬೇಡಿಕೆ ನೋಡಿ ತರಿಸುವ ಕರಾರನ್ನು ಸಗಟು ವ್ಯಾಪಾರಿಯೊಡನೆ ಮಾಡಿಕೊಳ್ಳಬಹುದು. 2025ರಲ್ಲಿ ದೀಪಾವಳಿ ಅಕ್ಟೋಬರ್ ಮೂರನೆಯ ವಾರದಲ್ಲಿತ್ತು. 2026ರ ಪಂಚಾಂಗದಲ್ಲಿ ಅಧಿಕ ಜ್ಯೇಷ್ಠವಿದ್ದು, ಹಬ್ಬ ನವೆಂಬರಿನಲ್ಲಿದೆ. ಆ ಸಾಲಿನ ದಾಸ್ತಾನು ಪಟ್ಟಿ ಬರೆಯುವವರು ತಿಂಗಳ ಹೆಸರಿನ ಬದಲು ತಿಥಿಯನ್ನು ನೋಡಿ ವಾರಗಳನ್ನು ಎಣಿಸಬೇಕಾಗುತ್ತದೆ.