ಕಡಲೊಳಗಿನ ಗದ್ದಲ

ಕೆರೆಯಲ್ಲಿ ಈಜುವ ಹುಡುಗರಿಗೆ ಒಂದು ಆಟ ಗೊತ್ತು. ಒಬ್ಬನು ನೀರಿನಲ್ಲಿ ಮುಳುಗಿರುತ್ತಾನೆ. ಇನ್ನೊಬ್ಬನು ದೂರದಲ್ಲಿ ಎರಡು ಕಲ್ಲುಗಳನ್ನು ನೀರೊಳಗೆ ಹಿಡಿದು ಒಂದಕ್ಕೊಂದು ಕುಟ್ಟುತ್ತಾನೆ. ಮುಳುಗಿದವನಿಗೆ ಆ ಸದ್ದು ಕಿವಿಯ ಪಕ್ಕದಲ್ಲಿಯೇ ಆದಂತೆ ಕೇಳಿಸುತ್ತದೆ; ಕುಟ್ಟಿದವನು ಮಾತ್ರ ಕಾಣುವುದಿಲ್ಲ. ನೀರಿನ ಗುಣವೇ ಅಂಥದು. ಅದು ಬೆಳಕನ್ನು ಬೇಗನೆ ನುಂಗಿಬಿಡುತ್ತದೆ. ಶಬ್ದವನ್ನಾದರೋ ಬಹುದೂರ ಹೊತ್ತೊಯ್ಯುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವ ಶಬ್ದವು ಕಡಲ ನೀರಿನಲ್ಲಿ ಸುಮಾರು 1500 ಮೀಟರ್ ಚಲಿಸುತ್ತದೆ. ಸೂರ್ಯನ ಬೆಳಕಾದರೆ 200 ಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ಬಹುಮಟ್ಟಿಗೆ ನಂದಿಹೋಗುತ್ತದೆ.

ಇಂಥ ಲೋಕದಲ್ಲಿ ಬಾಳುವ ತಿಮಿಂಗಿಲಗಳೂ ಡಾಲ್ಫಿನ್‌ಗಳೂ ಕಿವಿಯನ್ನೇ ಕಣ್ಣಾಗಿ ಮಾಡಿಕೊಂಡಿವೆ. ಇವು ಮೀನುಗಳಲ್ಲ, ಶ್ವಾಸಕೋಶದಿಂದ ಉಸಿರಾಡುವ ಸಸ್ತನಿಗಳೆಂಬುದನ್ನು ನೀವು ಬಲ್ಲಿರಿ. ಡಾಲ್ಫಿನ್ ಚುರುಕಾದ ಟಿಕ್ ಟಿಕ್ ಸದ್ದುಗಳನ್ನು ಹೊರಡಿಸುತ್ತದೆ. ಅವು ಎದುರಿನ ವಸ್ತುವಿಗೆ ತಾಗಿ ಮರಳುವ ರೀತಿಯಿಂದ ಅದು ಮೀನೋ ಬಂಡೆಯೋ ಎಂದು ತಿಳಿದುಕೊಳ್ಳುತ್ತದೆ. ನೀಲಿ ತಿಮಿಂಗಿಲದಂಥ ಮಹಾಕಾಯದ ಪ್ರಾಣಿಗಳ ಕೂಗು ಅತ್ಯಂತ ಮಂದ್ರವಾದುದು, ನಮ್ಮ ಕಿವಿಗೆ ನಿಲುಕುವುದೇ ಕಷ್ಟ. ಆದರೆ ಅದು ನೂರಾರು ಕಿಲೋಮೀಟರ್ ದೂರ ಸಾಗಬಲ್ಲದು.

ಯಂತ್ರದ ಹಡಗುಗಳು ಬಂದಮೇಲೆ ಈ ಲೋಕದಲ್ಲಿ ಹೊಸದೊಂದು ಸದ್ದು ತುಂಬಿತು. ಹಡಗಿನ ಪ್ರೊಪೆಲರ್ ರಭಸದಿಂದ ತಿರುಗುವಾಗ ಅದರ ಅಲಗುಗಳ ಬಳಿ ಒತ್ತಡವು ಕುಸಿದು, ನೀರಿನಲ್ಲಿ ಅಸಂಖ್ಯ ಗುಳ್ಳೆಗಳು ಏಳುತ್ತವೆ. ಮರುಕ್ಷಣವೇ ಅವು ಒಡೆಯುತ್ತವೆ. ಹೀಗೆ ಹುಟ್ಟುವ ಮೊರೆತದ ಬಹುಭಾಗ, ದೊಡ್ಡ ತಿಮಿಂಗಿಲಗಳು ಕೂಗುವ ಮಂದ್ರ ಸ್ವರದಲ್ಲಿಯೇ ಇರುವುದು ದುರ್ದೈವ. ಜಾತ್ರೆಯ ಡೊಳ್ಳಿನ ನಡುವೆ ತಾಯಿಯು ಮಗುವನ್ನು ಹೆಸರು ಹಿಡಿದು ಕೂಗಿದರೆ ಮಗುವಿಗೆ ಕೇಳಿಸೀತೆ?

ಆದರೆ ಗದ್ದಲದಿಂದ ಪ್ರಾಣಿಯು ನಿಜವಾಗಿ ಬಳಲುತ್ತದೆಯೆಂದು ತಿಳಿಯುವುದು ಹೇಗೆ? ಸಮುದ್ರದ ಹಡಗುಗಳನ್ನೆಲ್ಲ ಪರೀಕ್ಷೆಗಾಗಿ ನಿಲ್ಲಿಸಲು ಯಾವ ವಿಜ್ಞಾನಿಗೂ ಸಾಧ್ಯವಿಲ್ಲ. ಒಮ್ಮೆ ಮಾತ್ರ, ಘೋರವಾದ ಕಾರಣವೊಂದರಿಂದ, ಅಂಥ ಪರೀಕ್ಷೆ ತಾನಾಗಿಯೇ ನಡೆದುಹೋಯಿತು. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ಭಯೋತ್ಪಾದಕರ ದಾಳಿಯಾದಾಗ ವಿಮಾನಗಳಂತೆ ಹಡಗುಗಳ ಸಂಚಾರವೂ ಕೆಲವು ದಿನ ಬಹಳ ಇಳಿಯಿತು. ಕೆನಡಾದ ಪೂರ್ವ ಕರಾವಳಿಯ ಫಂಡಿ ಕೊಲ್ಲಿಯಲ್ಲಿ ಆಗ ರೈಟ್ ತಿಮಿಂಗಿಲಗಳು ಮೇಯುತ್ತಿದ್ದವು. ದಡದ ಸಮೀಪ ನಿಧಾನವಾಗಿ ಈಜುವ, ಸತ್ತರೂ ತೇಲುವ ಈ ಪ್ರಾಣಿಯೇ ಬೇಟೆಗೆ ‘ತಕ್ಕದ್ದು’ ಎಂದು ಹಿಂದಿನ ಬೇಟೆಗಾರರು ಆ ಹೆಸರಿಟ್ಟರೆಂದು ಹೇಳುತ್ತಾರೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಇಂದು ಉಳಿದಿರುವುವು ನಾನೂರಕ್ಕೂ ಕಡಮೆ.

ಆ ದಿನಗಳಲ್ಲಿ ಕೊಲ್ಲಿಯಲ್ಲಿ ಒಂದು ತಂಡ ನೀರೊಳಗಿನ ಶಬ್ದವನ್ನು ದಾಖಲಿಸುತ್ತಿತ್ತು. ರೊಸಾಲಿಂಡ್ ರೋಲಂಡ್ ಎಂಬ ವಿಜ್ಞಾನಿಯ ತಂಡವು ತಿಮಿಂಗಿಲಗಳ ಮಲವನ್ನು ಸಂಗ್ರಹಿಸುತ್ತಿತ್ತು. ಅದೆಂಥ ಕೆಲಸವೆಂದು ನಗಬೇಡಿ. ರಕ್ತವನ್ನು ತೆಗೆಯಲಾಗದ ಪ್ರಾಣಿಯ ದೇಹಸ್ಥಿತಿಯನ್ನು ಅರಿಯಲು ಇದೇ ಸುಲಭವಾದ ದಾರಿ. ಏಕೆಂದರೆ ಭೀತಿ, ಬಳಲಿಕೆಗಳ ಕಾಲದಲ್ಲಿ ದೇಹದೊಳಗೆ ಸ್ರವಿಸುವ ಹಾರ್ಮೋನುಗಳ ಅಂಶ ಮಲದಲ್ಲಿ ಉಳಿದಿರುತ್ತದೆ. ಎರಡು ತಂಡಗಳ ಲೆಕ್ಕಗಳನ್ನು ಬಳಿಕ ಜೊತೆಗಿಟ್ಟು ನೋಡಲಾಯಿತು. ಕೊಲ್ಲಿಯ ಗದ್ದಲ 6 ಡೆಸಿಬೆಲ್ ಇಳಿದಿತ್ತು. ಎಂದರೆ ಶಬ್ದದ ಶಕ್ತಿ ಕಾಲು ಭಾಗಕ್ಕೆ ಕುಗ್ಗಿತ್ತು. ಅದೇ ವೇಳೆಗೆ ತಿಮಿಂಗಿಲಗಳಲ್ಲಿ ಆ ಹಾರ್ಮೋನುಗಳ ಪ್ರಮಾಣವೂ ತಗ್ಗಿತ್ತು. ಮುಂದಿನ ವರ್ಷಗಳ ಅದೇ ಋತುವಿನಲ್ಲಿ ಅಂಥ ಇಳಿತ ಕಾಣಲಿಲ್ಲ. 2012ರಲ್ಲಿ ಈ ವರದಿ ಪ್ರಕಟವಾಯಿತು. ಆ ತಿಮಿಂಗಿಲಗಳು ದಿನನಿತ್ಯವೂ ಹೊರುತ್ತಿದ್ದ ಹೊರೆಯೊಂದು, ಅದು ಇಳಿದ ಗಳಿಗೆಯಲ್ಲಿ ಮಾತ್ರ ನಮಗೆ ಕಂಡಿತು.

ಇದು ಸದಾ ಇರುವ ಗದ್ದಲದ ಮಾತು. ಯುದ್ಧನೌಕೆಗಳ ಸೋನಾರ್ ಶಬ್ದದ ಪೆಟ್ಟು ಬೇರೆ ಬಗೆಯದು. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಅವು ತೀಕ್ಷ್ಣವಾದ ನಾದವನ್ನು ನೀರಿಗೆ ಬಿಡುತ್ತವೆ. 2002ರ ಸೆಪ್ಟೆಂಬರಿನಲ್ಲಿ ಕೆನರಿ ದ್ವೀಪಗಳ ಬಳಿ ಇಂಥ ನೌಕಾ ಕವಾಯತು ನಡೆದಾಗ 14 ಕೊಕ್ಕಿನ ತಿಮಿಂಗಿಲಗಳು ದಡಕ್ಕೆ ಬಂದು ಬಿದ್ದವು. ಸಾವಿರ ಮೀಟರಿಗೂ ಆಳಕ್ಕೆ ಧುಮುಕಬಲ್ಲ ಪ್ರಾಣಿಗಳಿವು. ಸತ್ತವುಗಳನ್ನು ಪರೀಕ್ಷಿಸಿದಾಗ, ಆಳದಿಂದ ಅವಸರವಾಗಿ ಮೇಲೇರಿದ ಮುಳುಗುಗಾರರಲ್ಲಿ ಆಗುವಂತೆ, ಅಂಗಾಂಗಗಳಲ್ಲಿ ಅನಿಲದ ಗುಳ್ಳೆಗಳ ಗುರುತುಗಳಿದ್ದವು. ಸ್ಪೇನ್ ಸರ್ಕಾರವು 2004ರಲ್ಲಿ ಆ ದ್ವೀಪಗಳ ಸುತ್ತ ಸೋನಾರ್ ಬಳಕೆಯನ್ನು ತಡೆಯಿತು. 2013ರಲ್ಲಿ ವಿಜ್ಞಾನಿಗಳು ಮತ್ತೆ ಲೆಕ್ಕ ತೆಗೆದಾಗ, ಆ ತಡೆಯ ನಂತರ ಅಲ್ಲಿ ಅಂಥ ಸಾಮೂಹಿಕ ಸಾವು ಒಂದೂ ಸಂಭವಿಸಿರಲಿಲ್ಲ.

ಎಣ್ಣೆಯೋ ವಿಷವೋ ನೀರಿಗೆ ಸೇರಿದರೆ ವರ್ಷಗಟ್ಟಲೆ ಉಳಿಯುತ್ತದೆ. ಶಬ್ದವು ನಿಲ್ಲಿಸಿದೊಡನೆ ಇಲ್ಲವಾಗುತ್ತದೆ. ಹಡಗಿನ ವೇಗವನ್ನು ತಗ್ಗಿಸಿದರೂ ಸಾಕು, ಬಹುತೇಕ ಹಡಗುಗಳ ಮೊರೆತ ಇಳಿಯುತ್ತದೆ. ಕೆನಡಾದ ಪಶ್ಚಿಮ ತೀರದ ಹಾರೋ ಜಲಸಂಧಿಯಲ್ಲಿ 2017ರಿಂದ, ಓರ್ಕಾಗಳು ಬರುವ ಕಾಲದಲ್ಲಿ ಹಡಗುಗಳನ್ನು ನಿಧಾನವಾಗಿ ನಡೆಸುವಂತೆ ಕೇಳಿಕೊಳ್ಳಲಾಗುತ್ತಿದೆ. ಇದಕ್ಕೆ ತೆರಬೇಕಾದ ಬೆಲೆ ಕೆಲವು ನಿಮಿಷಗಳ ತಡ.

ನಮ್ಮ ದೇಶದ ಗಂಗಾ ಡಾಲ್ಫಿನ್‌ನ ಸ್ಥಿತಿ ಇನ್ನೂ ಸೂಕ್ಷ್ಮ. 2009ರಲ್ಲಿ ರಾಷ್ಟ್ರೀಯ ಜಲಚರವೆನಿಸಿದ ಈ ಪ್ರಾಣಿಯ ಕಣ್ಣಿನಲ್ಲಿ ಮಸೂರವೇ ಇಲ್ಲ. ಅದು ಕುರುಡೆಂದೇ ಹೇಳಬೇಕು. ಕದಡಿದ ಹೊಳೆಯಲ್ಲಿ ಆಹಾರವನ್ನೂ ದಾರಿಯನ್ನೂ ಅದು ಕೇಳಿಯೇ ಅರಿಯಬೇಕು. ಅಲಹಾಬಾದಿನಿಂದ ಹಲ್ದಿಯಾದವರೆಗಿನ 1620 ಕಿಲೋಮೀಟರ್ ಗಂಗೆಯನ್ನು 1986ರಲ್ಲಿ ಪ್ರಥಮ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಲಾಯಿತು. ಯಂತ್ರದೋಣಿಗಳ ಗದ್ದಲ ಹೆಚ್ಚಿದಾಗ ಡಾಲ್ಫಿನ್‌ಗಳು ಸದ್ದು ಮಾಡುವ ಕ್ರಮವೇ ಬದಲಾಗುತ್ತದೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬೇಸಿಗೆಯಲ್ಲಿ ಹೊಳೆ ಬತ್ತಿ ಕಿರಿದಾದಾಗ ಆಳವಾದ ನೀರು ಉಳಿಯುವುದು ಕೆಲವೇ ಪಾತ್ರಗಳಲ್ಲಿ. ಹಡಗು ಸಾಗಬೇಕಾದುದೂ ಅಲ್ಲಿಯೇ, ಡಾಲ್ಫಿನ್ ಉಳಿಯಬೇಕಾದುದೂ ಅಲ್ಲಿಯೇ.