ಮಕ್ಕಳ ಹಣ ಬಾಕಿ ಇದ್ದರೆ ಲೈಸೆನ್ಸ್ ನವೀಕರಣ ಹೇಗೆ?



ನಮ್ಮವರು ಬಾಯಿಬಿಟ್ಟು ಮಾತಾಡದ ವಿಷಯವಿದು. ವಿಚ್ಛೇದನದ ನಂತರ ಕೊಡಬೇಕಾದ ಚೈಲ್ಡ್ ಸಪೋರ್ಟ್ ಬಾಕಿ ಉಳಿದರೆ, ಕ್ಯಾಲಿಫೋರ್ನಿಯಾದಲ್ಲಿ ನರ್ಸ್, ಫಾರ್ಮಸಿಸ್ಟ್, ಡೆಂಟಿಸ್ಟ್, ರಿಯಲ್ ಎಸ್ಟೇಟ್ ಏಜೆಂಟ್ ಯಾರ ಲೈಸೆನ್ಸಾದರೂ ನಿಲ್ಲಬಹುದು.

ಫ್ಯಾಮಿಲಿ ಕೋಡಿನ 17520ನೇ ಸೆಕ್ಷನ್ ಪ್ರಕಾರ, ಕೇಸು ಕೌಂಟಿಯ ಚೈಲ್ಡ್ ಸಪೋರ್ಟ್ ಕಚೇರಿಯಲ್ಲಿದ್ದು 30 ದಿನಕ್ಕಿಂತ ಹೆಚ್ಚು ಬಾಕಿಯಿದ್ದರೆ, ಹೆಸರು ಲೈಸೆನ್ಸ್ ಬೋರ್ಡುಗಳಿಗೆ ಹೋಗುತ್ತದೆ. ನವೀಕರಣಕ್ಕೆ ಅರ್ಜಿ ಹಾಕಿದಾಗ ಸಿಗುವುದು 150 ದಿನಗಳ ತಾತ್ಕಾಲಿಕ ಲೈಸೆನ್ಸ್ ಮಾತ್ರ. ಈ ಗಡುವನ್ನು ವಿಸ್ತರಿಸುವುದಿಲ್ಲ. ಕಟ್ಟಿದ ಶುಲ್ಕವೂ ವಾಪಸ್ಸಿಲ್ಲ.

ಬೋರ್ಡಿಗೆ ಫೋನ್ ಮಾಡಿ ಗೋಗರೆದರೆ ಪ್ರಯೋಜನವಿಲ್ಲ. ಬಿಡುಗಡೆ ಪತ್ರ ಕೊಡುವುದು ಕೌಂಟಿ ಕಚೇರಿ. ಪೂರ್ತಿ ಹಣ ಇಲ್ಲದಿದ್ದರೂ ಕಂತಿನ ಒಪ್ಪಂದ ಮಾಡಿಕೊಂಡು ಅದನ್ನು ಪಡೆಯಬಹುದು. ನೋಟೀಸ್ ಬಂದ ವಾರವೇ ಹೋಗಿ.

ಲೇಆಫ್ ಆದವರು "ಬೇರೆ ಕೆಲಸ ಸಿಗಲಿ, ಆಮೇಲೆ ನೋಡೋಣ" ಅನ್ನುತ್ತಾರಲ್ಲ, ಅಲ್ಲೇ ಎಡವುವುದು. ಮೊತ್ತ ಇಳಿಸಲು ಕೋರ್ಟಿಗೆ ಅರ್ಜಿ ಹಾಕುವ ತನಕ ಹಳೆಯ ಮೊತ್ತವೇ ಬೆಳೆಯುತ್ತದೆ, ಸಾಮಾನ್ಯವಾಗಿ ವರ್ಷಕ್ಕೆ ಶೇ. 10ರ ಬಡ್ಡಿಯೊಂದಿಗೆ. ಆಕೆ ಬಾಯಿಮಾತಿನಲ್ಲಿ "ಪರವಾಗಿಲ್ಲ, ಈಗ ಬೇಡ" ಅಂದಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ.

ಇನ್ನು, ಆ ಹಣಕ್ಕೆ ಕಾಯುತ್ತಿರುವ ತಾಯಂದಿರಿಗೆ ಒಂದು ಮಾತು: ಸಾಂಟಾ ಕ್ಲಾರಾ, ಅಲಮೀಡಾ ಸೇರಿದಂತೆ ಯಾವ ಕೌಂಟಿಯಲ್ಲೂ ಕೇಸು ತೆರೆಯಲು ಅರ್ಜಿ ಶುಲ್ಕವಿಲ್ಲ. ನಿಮ್ಮ ವೀಸಾ ಯಾವುದಾದರೂ ಅಡ್ಡಿಯಿಲ್ಲ.