ಐವತ್ತರ ಟೀವಿಗೆ ಅರವತ್ತರ ಆಟ

ತೊಂಬತ್ತರ ದಶಕದಲ್ಲಿ ಊಟಿಯಿಂದ ಬೆಂಗಳೂರಿನವರೆಗೆ ಅಂಗಡಿಗಳಲ್ಲಿ ‘ಟೀವಿ ಗೇಮ್’ ಎಂದು ಮಾರಾಟವಾದ ಪೆಟ್ಟಿಗೆಗಳನ್ನು ಡೂಪ್ಲಿಕೇಟ್ ಮಾಲು ಎಂದು ತಳ್ಳಿಹಾಕುವುದು ವಾಡಿಕೆ. ಅವು ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರದ ನಕಲು ಎಂಬುದೇನೋ ನಿಜ. ಆದರೆ ಇಂಥ ಹಲವು ನಕಲುಗಳು ಒಂದು ವಿಷಯದಲ್ಲಿ ಮೂಲ ಕಂಪನಿಯೇ ಬಿಡಿಸದ ಗಂಟನ್ನು ಬಿಡಿಸಿದ್ದವು. ಅದಕ್ಕೆ ಸಲ್ಲಬೇಕಾದ ಮೆಚ್ಚುಗೆ ಇನ್ನೂ ಸಂದಿಲ್ಲ.

ಫ್ಯಾಮಿಕಾಮ್ ಮಾರುಕಟ್ಟೆಗೆ ಬಂದದ್ದು 1983ರ ಜುಲೈ 15ರಂದು. ಬೆಲೆ 14,800 ಯೆನ್. ಮಸಾಯುಕಿ ಉಯೆಮುರಾ ಅವರ ತಂಡ ವಿನ್ಯಾಸ ಮಾಡಿದ ಈ ಯಂತ್ರದ ಮೊದಲ ಕಂತಿನಲ್ಲೇ ದೋಷವಿತ್ತು. ಆಟ ನಡುವೆ ನಿಂತುಹೋಗುತ್ತಿತ್ತು. ಕಂಪನಿ ಅವನ್ನೆಲ್ಲ ಹಿಂದಕ್ಕೆ ತರಿಸಿ ಬೋರ್ಡ್ ಬದಲಿಸಿತು. ಕಂಟ್ರೋಲರಿನ ಚೌಕ ರಬ್ಬರ್ ಗುಂಡಿಗಳು ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತಿದ್ದುದರಿಂದ ದುಂಡನೆಯ ಪ್ಲಾಸ್ಟಿಕ್ ಗುಂಡಿಗಳು ಬಂದವು. 1985ರಲ್ಲಿ ಅಮೆರಿಕಕ್ಕೆ ಹೋದ ಆವೃತ್ತಿಯಲ್ಲಿ ಕಂಪನಿ ಬೀಗದ ಚಿಪ್ ಸೇರಿಸಿತು. ಆಟದ ಕ್ಯಾಸೆಟ್ಟಿನೊಳಗಿನ ಜೋಡಿ ಚಿಪ್ಪಿನಿಂದ ಸರಿಯಾದ ಉತ್ತರ ಬಾರದಿದ್ದರೆ ಅದು ಯಂತ್ರವನ್ನು ಮತ್ತೆ ಮತ್ತೆ ಮೊದಲಿನಿಂದ ಶುರು ಮಾಡಿಸುತ್ತದೆ. ಸಂಪರ್ಕದ ಪಿನ್ನುಗಳು ಸಡಿಲವಾದಾಗ ಅಸಲಿ ಕ್ಯಾಸೆಟ್ಟಿಗೂ ಅದೇ ಗತಿ. ಪರದೆ ಮಿಟುಕುತ್ತಲೇ ಇರುತ್ತದೆ. 1993ರ ಅಗ್ಗದ ಆವೃತ್ತಿಯಲ್ಲಿ ಕಂಪನಿಯೇ ಆ ಬೀಗವನ್ನು ಕೈಬಿಟ್ಟಿತು. ಜಪಾನಿನ ಮೂಲ ಯಂತ್ರಕ್ಕೆ ಬೀಗವೇ ಇರಲಿಲ್ಲ. ನಕಲು ಮಾಡಿದವರು ಅಮೆರಿಕದ 72 ಪಿನ್ನಿನ ಯಂತ್ರವನ್ನು ಬಿಟ್ಟು ಜಪಾನಿನ 60 ಪಿನ್ನಿನದನ್ನು ಹಿಡಿಯಲು ಇದೂ ಒಂದು ಅನುಕೂಲ. ನಮ್ಮಲ್ಲಿಗೆ ಬಂದದ್ದೂ ಅದೇ ಅಳತೆಯ ಕ್ಯಾಸೆಟ್.

ನೀಲಗಿರಿಯ ನಂಜನಾಡಿನ ಒಂದು ಮನೆಯ ಅಟ್ಟದಿಂದ ಇಳಿಸಿದ ಅಂಥ ಎರಡು ಪೆಟ್ಟಿಗೆಗಳ ಸ್ಕ್ರೂ ಬಿಚ್ಚಿ ಪಕ್ಕಪಕ್ಕ ಇಟ್ಟಿದ್ದೇನೆ. ಹೊರಗಿನಿಂದ ಎರಡೂ ಒಂದೇ ಬಗೆ. ಹಳೆಯದರಲ್ಲಿ ಅಂಗೈಯಗಲದ ಬೋರ್ಡಿನ ಮೇಲೆ ತಲಾ 40 ಕಾಲಿನ ಎರಡು ಉದ್ದ ಚಿಪ್ಪುಗಳಿವೆ. ಒಂದು ಲೆಕ್ಕ ಮತ್ತು ಸದ್ದಿನದು, ಇನ್ನೊಂದು ಚಿತ್ರ ಬರೆಯುವುದು. ಮೇಲೆ ತೈವಾನಿನ ಯುಎಂಸಿ ಕಂಪನಿಯ ಗುರುತು, ಯುಎ6527ಪಿ ಮತ್ತು ಯುಎ6538 ಎಂಬ ಸಂಖ್ಯೆಗಳು. ಜೊತೆಗೆ ತಲಾ 2 ಕಿಲೋಬೈಟಿನ ಎರಡು ಮೆಮೊರಿ ಚಿಪ್ಪುಗಳು. ಯಾವುದು ಕೆಟ್ಟರೂ ಬೆಸುಗೆ ಬಿಡಿಸಿ ಅದೊಂದನ್ನೇ ಬದಲಿಸಬಹುದು. ಹೊಸದರ ಬೋರ್ಡ್ ಅರ್ಧದಷ್ಟೂ ಇಲ್ಲ. ಚಿಪ್ಪುಗಳಿರಬೇಕಾದಲ್ಲಿ ಕಪ್ಪು ಎಪಾಕ್ಸಿಯ ಒಂದು ಗುಪ್ಪೆ. ಕವಚವಿಲ್ಲದ ಸಿಲಿಕಾನ್ ಚೂರನ್ನು ನೇರ ಬೋರ್ಡಿಗೆ ಅಂಟಿಸಿ, ಕೂದಲಿಗಿಂತ ತೆಳುವಾದ ತಂತಿಗಳಿಂದ ಜೋಡಿಸಿ, ಮೇಲೆ ಎಪಾಕ್ಸಿ ಸುರಿದಿದ್ದಾರೆ. ಎರಡು ದೊಡ್ಡ ಚಿಪ್ಪುಗಳ ಕೆಲಸವೂ ಆ ಒಂದೇ ಚೂರಿನಲ್ಲಿದೆ. ಬೆಲೆ ಇಳಿದದ್ದು ಹೀಗೆ, ರಿಪೇರಿಯ ದಾರಿ ಮುಚ್ಚಿದ್ದೂ ಹೀಗೆಯೇ. ನನಗಂತೂ ಹಳೆಯ ಬೋರ್ಡಿನ ಮೇಲೆಯೇ ಪ್ರೀತಿ.

ನಾನು ಹೇಳಿದ ಗಂಟು ಆ ಚಿತ್ರ ಬರೆಯುವ ಚಿಪ್ಪಿನಲ್ಲಿದೆ. ಜಪಾನಿನ ಆಗಿನ ಟೀವಿ ಸೆಕೆಂಡಿಗೆ 60 ಬಾರಿ ಚಿತ್ರ ಬರೆಯುತ್ತಿತ್ತು, ಪ್ರತಿ ಬಾರಿ ಸುಮಾರು 262 ಗೆರೆ. ನಮ್ಮ ಪಾಲ್ ಪದ್ಧತಿಯಲ್ಲಿ 50 ಬಾರಿ, 312 ಗೆರೆ. ಆಟದ ಚಿತ್ರಕ್ಕೆ ಬೇಕಾದದ್ದು 240 ಗೆರೆ ಮಾತ್ರ. ಉಳಿದ ಗೆರೆಗಳ ಹೊತ್ತಿನಲ್ಲಿ ಯಂತ್ರ ಮುಂದಿನ ಚಿತ್ರಕ್ಕೆ ಬೇಕಾದ ಬದಲಾವಣೆ ಮಾಡಿಕೊಳ್ಳುತ್ತದೆ, ನಾಟಕದಲ್ಲಿ ಪರದೆ ಇಳಿದಾಗ ಸೀನು ಬದಲಿಸಿದ ಹಾಗೆ. ಫ್ಯಾಮಿಕಾಮಿನಲ್ಲಿ ಈ ಬಿಡುವು 20 ಗೆರೆಗಳಷ್ಟು. ಒಂದೊಂದು ಗೆರೆಯ ಅವಧಿಯಲ್ಲಿ ಮುಖ್ಯ ಚಿಪ್ 113ಕ್ಕಿಂತ ತುಸು ಹೆಚ್ಚು ಮಿಡಿತ ಮಿಡಿಯುತ್ತದೆ. ಆಟ ಬರೆದವರು ಈ ಮಿಡಿತಗಳನ್ನು ಬೆರಳೆಣಿಸಿದಂತೆ ಎಣಿಸಿ, ಇಂಥ ಗೆರೆಯಲ್ಲಿ ಇಂಥದ್ದು ಬದಲಾಗಬೇಕೆಂದು ಲೆಕ್ಕ ಹಾಕಿದ್ದರು.

ಯುರೋಪಿನ 50ರ ಟೀವಿಗಾಗಿ ನಿಂಟೆಂಡೊ ಮಾಡಿದ ಯಂತ್ರದಲ್ಲಿ ಈ ಲೆಕ್ಕ ತಪ್ಪಿತು. ಗೆರೆಗೆ 106 ಚಿಲ್ಲರೆ ಮಿಡಿತ, ಬಿಡುವು 70 ಗೆರೆ. ಜಪಾನಿನ ಕೆಲವು ಆಟಗಳು ಅದರಲ್ಲಿ ಹಾಗೆಯೇ ಓಡಿದರೆ ಚಿತ್ರ ನಡುಗುತ್ತದೆ, ಹರಿಯುತ್ತದೆ. ಆದ್ದರಿಂದ ಆಟಗಳನ್ನು ತಿದ್ದಿ ಮಾರಬೇಕಾಯಿತು. ತೈವಾನಿನ ಎಂಜಿನಿಯರುಗಳ ಮುಂದೆ ಆ ದಾರಿ ಇರಲಿಲ್ಲ. ಅವರ ಯಂತ್ರಕ್ಕೆ ಬೀಳುವುದು ಜಪಾನಿನ ಆಟದ ಪ್ರತಿಯೇ. ಅವರು ಗೆರೆಗೆ 113ರ ಲೆಕ್ಕವನ್ನು ಹಾಗೆಯೇ ಉಳಿಸಿಕೊಂಡು, ಹೆಚ್ಚಾದ ಗೆರೆಗಳನ್ನೆಲ್ಲ ಚಿತ್ರ ಮುಗಿದ ತಕ್ಷಣ ಸುಮ್ಮನೆ ಕಳೆಯಬಿಟ್ಟರು. ‘ಬಿಡುವು ಶುರುವಾಯಿತು’ ಎಂಬ ಸಂಕೇತ ಅವೆಲ್ಲ ಕಳೆದ ಮೇಲೆ, ಕೊನೆಯ 20 ಗೆರೆ ಉಳಿದಾಗ ಹೋಗುತ್ತದೆ. ಆಟಕ್ಕೆ ತಾನು ಜಪಾನಿನಲ್ಲೇ ಇದ್ದೇನೆ ಎಂಬ ಭಾವನೆ! ಇದು ಅಚ್ಚುಕಟ್ಟಾದ ಎಂಜಿನಿಯರಿಂಗ್ ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಆದರೆ ವೇಗವನ್ನು ಉಳಿಸಿಕೊಳ್ಳಲಾಗಲಿಲ್ಲ. ಹೆಚ್ಚಿನ ಆಟಗಳು ಒಂದು ಚಿತ್ರಕ್ಕೆ ಒಂದು ಹೆಜ್ಜೆ ಇಡುವಂಥವು. ಸೆಕೆಂಡಿಗೆ 60 ಹೆಜ್ಜೆಯ ಬದಲು 50. ಈ ಯಂತ್ರಗಳಲ್ಲಿ ಮಾರಿಯೋ ಜಪಾನಿನವನಿಗಿಂತ ಆರನೇ ಒಂದು ಪಾಲು ನಿಧಾನ ಓಡಿದ, ಹಾಡೂ ಅಷ್ಟೇ ನಿಧಾನವಾಯಿತು. ಸದ್ದಿನ ಬಣ್ಣವೂ ಬೇರೆ. ಹಲವು ನಕಲು ಚಿಪ್ಪುಗಳಲ್ಲಿ ಅಲೆಯ ಅಗಲವನ್ನು ಆಯುವ ಎರಡು ಸೆಟ್ಟಿಂಗುಗಳು, ಶೇಕಡಾ 25 ಮತ್ತು 50ರವು, ಅದಲುಬದಲಾಗಿವೆ. ರಾಗ ಅದೇ, ದನಿ ಮಾತ್ರ ಬೇರೆ. ನಮ್ಮಲ್ಲಿ ಅನೇಕರ ಕಿವಿಯಲ್ಲಿ ಇಂದಿಗೂ ಉಳಿದಿರುವ ಮಾರಿಯೋ ಹಾಡು ಆ ಅದಲುಬದಲಾದ ದನಿಯದು. ಅಸಲಿಯನ್ನು ಕೇಳಿದಾಗ ಏನೋ ತಪ್ಪಿದೆ ಅನ್ನಿಸುವುದು ಅದಕ್ಕೇ.

ಹಳೆಯ ಯಂತ್ರ ನಿಮ್ಮಲ್ಲೂ ಇದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ನೋಡಿ. ನೀಲಗಿರಿಯ ಮಂಜಿನಲ್ಲಿ ಕ್ಯಾಸೆಟ್ಟಿನ ತಾಮ್ರದ ಪಟ್ಟಿಗಳಿಗೆ ಬೇಗ ಕಿಲುಬು ಹಿಡಿಯುತ್ತದೆ. ನಾವೆಲ್ಲ ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಬಾಯಿಂದ ಊದಬೇಡಿ; ಉಸಿರಿನ ತೇವ ಕಿಲುಬನ್ನು ಇನ್ನಷ್ಟು ಹೆಚ್ಚಿಸುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಅಡಾಪ್ಟರ್ ಬದಲಿಸುವುದಾದರೆ ವೋಲ್ಟೇಜಿನ ಜೊತೆಗೆ ಪ್ಲಗ್ಗಿನ ನಡುವಣ ತುದಿ ಧನವೋ ಋಣವೋ ಎಂಬುದನ್ನು ಪೆಟ್ಟಿಗೆಯ ಮೇಲಿನ ಗುರುತಿಗೆ ತಾಳೆ ನೋಡಿ. ಫ್ಯಾಮಿಕಾಮಿನಲ್ಲಿ ನಡುವಣದು ಋಣ. ಹಳದಿ ವೈರಿನ ಕಿಂಡಿ ಇರುವ ಹೊಸ ಟೀವಿಗಳಲ್ಲಿ ಚಿತ್ರ ಸಾಮಾನ್ಯವಾಗಿ ಬರುತ್ತದೆ. ಬಾತುಕೋಳಿ ಹೊಡೆಯುವ ಆಟದ ಬಂದೂಕು ಮಾತ್ರ ಕೆಲಸ ಮಾಡುವುದಿಲ್ಲ. ಕುದುರೆ ಒತ್ತಿದ ಕ್ಷಣ ಪರದೆಯಲ್ಲಿ ಮೂಡುವ ಬಿಳಿ ಚೌಕವನ್ನು ಅದು ಆಗಿಂದಾಗಲೇ ಕಾಣಬೇಕು, ಚಪ್ಪಟೆ ಟೀವಿಯಲ್ಲಿ ಆ ಚಿತ್ರ ತಡವಾಗಿ ಬರುತ್ತದೆ. ಅದಕ್ಕೆ ಪಿಕ್ಚರ್ ಟ್ಯೂಬಿನ ಹಳೆಯ ಟೀವಿಯೇ ಬೇಕು.